ಹಯಬುಸಾ ಬೇಡ, ನಿಂಜಾ 1000 ಎಸ್‌ಎಕ್ಸ್ ಸಾಕು: ಮಂಡ್ಯ–ಮೈಸೂರು ರಸ್ತೆಗಳಲ್ಲಿ ಓಡಿಸಿ ನೋಡಿದ ಹೋಲಿಕೆ

ಕವಾಸಾಕಿ ನಿಂಜಾ 1000 ಎಸ್‌ಎಕ್ಸ್ ಮನೆಗೆ ಬಂದಾಗಿದೆ, ಅದರ ಬಗ್ಗೆ ತೃಪ್ತಿಯೂ ಇದೆ. ಆದ್ದರಿಂದ ಇದು ತಕ್ಕಡಿ ಸಮ ಹಿಡಿದು ಬರೆದ ಹೋಲಿಕೆಯಲ್ಲ. ಕೊಳ್ಳುವ ಮುಂಚೆ ಇದನ್ನೂ ಸುಜುಕಿ ಹಯಬುಸಾವನ್ನೂ (2021ರಲ್ಲಿ ಬಂದ ಮೂರನೇ ತಲೆಮಾರಿನದು) ಒಂದೇ ರಸ್ತೆಗಳಲ್ಲಿ ಓಡಿಸಿ ನೋಡಿದ್ದಾಯಿತು: ಶ್ರೀರಂಗಪಟ್ಟಣದಿಂದ ಮಂಡ್ಯಕ್ಕೆ ಸರ್ವೀಸ್ ರಸ್ತೆ, ಪಾಂಡವಪುರದಿಂದ ಮೇಲುಕೋಟೆ, ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆ ದಾಟಿ ಬಂಡೀಪುರ. ಹಾರ್ಸ್‌ಪವರ್, ಟಾಪ್ ಸ್ಪೀಡ್ ಎಲ್ಲ ಬ್ರೋಷರ್‌ನಲ್ಲೇ ಸಿಗುತ್ತವೆ. ಬ್ರೋಷರ್‌ನಲ್ಲಿ ಸಿಗದ್ದು ಇಲ್ಲಿದೆ.

ಮೊದಲು ವೇಗದ ಲೆಕ್ಕ. ಬೆಂಗಳೂರು–ಮೈಸೂರು ಹೆದ್ದಾರಿಯ ಆರು ಪಥದ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಬೈಕು ನೂರು ಸಿಸಿಯದಿರಲಿ, ಸಾವಿರದ್ದಿರಲಿ, ಆಟೊ, ಟ್ರ್ಯಾಕ್ಟರ್‌ಗಳ ಜೊತೆ ಸರ್ವೀಸ್ ರಸ್ತೆಯೇ ಗತಿ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯಂತೆ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ ಬೈಕಿನ ಗರಿಷ್ಠ ಮಿತಿ ಗಂಟೆಗೆ 80 ಕಿ.ಮೀ., ಮಾಮೂಲಿ ರಸ್ತೆಯಲ್ಲಿ 60. ಈ ಎರಡೂ ಬೈಕುಗಳಲ್ಲಿ ಮೊದಲ ಗೇರ್ ಒಂದೇ ಗಂಟೆಗೆ 100 ಕಿ.ಮೀ. ಆಸುಪಾಸಿಗೆ ಎಳೆದುಬಿಡುತ್ತದೆ, ಹಯಬುಸಾ ಅದನ್ನೂ ದಾಟುತ್ತದೆ. ಅಂದರೆ ಕಾನೂನು ಬಿಟ್ಟಿರುವ ವೇಗ ಪೂರ್ತಿ ಮೊದಲ ಗೇರಿನಲ್ಲೇ ಮುಗಿಯಿತು. ಆದ್ದರಿಂದ ಟೆಸ್ಟ್ ರೈಡಿನಲ್ಲಿ ಎಷ್ಟು ಜೋರಾಗಿ ಓಡುತ್ತದೆ ಎಂದು ನೋಡುವುದು ವ್ಯರ್ಥ. 20ರಿಂದ 80ರ ನಡುವೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದೇ ಪರೀಕ್ಷೆ.

ಆ ಪರೀಕ್ಷೆಯಲ್ಲಿ ಹಯಬುಸಾ ಎಂಜಿನ್ ಗೆಲ್ಲುತ್ತದೆ, ಅದನ್ನು ಮುಚ್ಚಿಡುವಂತಿಲ್ಲ. ಆರನೇ ಗೇರಿನಲ್ಲಿ 80ಕ್ಕೆ 3000 ಆರ್‌ಪಿಎಂ ಕೂಡ ಮುಟ್ಟುವುದಿಲ್ಲ. 40ಕ್ಕೆ ಇಳಿಸಿ ಅದೇ ಗೇರಿನಲ್ಲಿ ಆಕ್ಸಿಲರೇಟರ್ ತಿರುವಿದರೂ ಒದರಾಡದೆ ಎಳೆಯುತ್ತದೆ. ನಿಂಜಾದಲ್ಲಿ 80ಕ್ಕೆ 3000 ದಾಟಿರುತ್ತದೆ, 40ರಲ್ಲಿ ಒಂದೆರಡು ಗೇರ್ ಇಳಿಸಿದರೆ ಚೆನ್ನ. ಕ್ಲಚ್ ಹಿಡಿಯದೆ ಗೇರ್ ಬದಲಿಸುವ ಕ್ವಿಕ್‌ಶಿಫ್ಟರ್ ಎರಡರಲ್ಲೂ ಇರುವುದರಿಂದ ಅದು ದೊಡ್ಡ ಕೆಲಸವೇನಲ್ಲ, ಆದರೆ ನಿಧಾನ ವೇಗದಲ್ಲಿ ಕ್ಲಚ್ ಹಿಡಿದೇ ಬದಲಿಸಿದರೆ ಜರ್ಕ್ ಕಡಿಮೆ.

ಇನ್ನು ಹಂಪ್. ತೀರ್ಪಿನ ಮುಕ್ಕಾಲು ಪಾಲು ಇದರ ಮೇಲೆಯೇ ನಿಂತಿದೆ.

ನಿಂಜಾದ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಬೈಕಿನ ಹೊಟ್ಟೆಗೂ ನಡುವಿನ ಎತ್ತರ) 135 ಮಿ.ಮೀ., ಹಯಬುಸಾದ್ದು 125. ಹತ್ತು ಮಿಲಿಮೀಟರ್ ಏನು ಮಹಾ ಅನಿಸುತ್ತದೆ. ಆದರೆ ಇವು ಯಾರೂ ಕೂರದೆ ನಿಂತಿರುವ ಬೈಕಿನ ಅಳತೆಗಳು. ಸವಾರ ಕೂತ ಮೇಲೆ ಶಾಕ್ ಮೂರು, ಮೂರೂವರೆ ಸೆಂಟಿಮೀಟರ್ ಕುಸಿಯುವುದು ಸಹಜ, ಹಾಗೆ ಕುಸಿಯಲೆಂದೇ ಅದನ್ನು ಸೆಟ್ ಮಾಡಿರುತ್ತಾರೆ. ಅಲ್ಲಿಗೆ ನಿಂಜಾದಲ್ಲಿ ಉಳಿಯುವುದು ಹೆಚ್ಚುಕಡಿಮೆ 10 ಸೆಂ.ಮೀ., ಹಯಬುಸಾದಲ್ಲಿ 9. ಹಿಂದೆ ಒಬ್ಬರು ಕೂತು ಎರಡು ಬ್ಯಾಗ್ ಏರಿದರೆ ಇನ್ನೂ ಕಡಿಮೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿರುವ ಅಳತೆಯ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. ಇಂಥ ಹಂಪ್ ಮೇಲೆ ಎರಡು ಚಕ್ರಗಳೂ ಒಟ್ಟಿಗೆ ಕೂರುತ್ತವೆ. ನಿಂಜಾದ ವೀಲ್‌ಬೇಸ್ 1440 ಮಿ.ಮೀ., ಹಯಬುಸಾದ್ದು 1480. ಅಷ್ಟು ಅಂತರದ ಎರಡು ಚಕ್ರಗಳ ನಡುವೆ ಆ ಕಮಾನು ಉಬ್ಬುವುದು ಬರೀ ಒಂದೂವರೆ ಸೆಂಟಿಮೀಟರ್. ಯಾವ ಬೈಕೂ ತಾಗುವುದಿಲ್ಲ. ತೊಂದರೆ ಕೊಡುವುದು ಊರ ಮುಂದೆ ಒಂದು ಲೋಡ್ ಜಲ್ಲಿ, ಡಾಂಬರು ಸುರಿದು ಮಾಡಿರುವ ಹಂಪ್: ಅಗಲ ಒಂದು ಮೀಟರ್ ಇದ್ದರೆ ಹೆಚ್ಚು, ಎತ್ತರ 12 ಸೆಂ.ಮೀ. ಅದು ಪೂರ್ತಿಯಾಗಿ ಎರಡು ಚಕ್ರಗಳ ನಡುವೆ ಬಂದು ನಿಲ್ಲುತ್ತದೆ. ಹನ್ನೆರಡಕ್ಕೆ ಹನ್ನೆರಡೂ ಸೆಂಟಿಮೀಟರ್ ಬೈಕಿನ ಹೊಟ್ಟೆಗೆ ಎದುರಾಗುತ್ತವೆ. ಸೈಲೆನ್ಸರ್ ಕೊಳವೆಗಳು ಕೂಡುವ ಜಾಗ, ಕೆಳಗಿನ ಫೇರಿಂಗ್ (ಹೊರಕವಚ) ತುದಿ, ಇವೆರಡು ಮೊದಲು ಉಜ್ಜುತ್ತವೆ. ಪಾಂಡವಪುರದಿಂದ ಮೇಲುಕೋಟೆ ಕಡೆಗೆ, ಮಳವಳ್ಳಿ ಕಡೆಗೆ ಒಳರಸ್ತೆ ಹಿಡಿದರೆ ಇಂಥವು ಸಾಲಾಗಿ ಸಿಗುತ್ತವೆ, ಎಷ್ಟಕ್ಕೋ ಬಿಳಿ ಪಟ್ಟೆಯೂ ಇರುವುದಿಲ್ಲ.

ದಾಟುವ ಕ್ರಮ ಹೀಗೆ. ಹಂಪ್‌ಗೆ ಮುಂಚೆಯೇ ವೇಗ ಪೂರ್ತಿ ಇಳಿಸಿ, ಮುಂದಿನ ಚಕ್ರ ಮುಟ್ಟುವ ಹೊತ್ತಿಗೆ ಬ್ರೇಕ್ ಬಿಟ್ಟಿರಬೇಕು. ಬ್ರೇಕ್ ಹಿಡಿದೇ ಹತ್ತಿಸಿದರೆ ಮುಂದಿನ ಶಾಕ್, ಅಂದರೆ ಫೋರ್ಕ್, ಕುಸಿದಿರುತ್ತದೆ, ಇರುವ ಎತ್ತರವೂ ಹೋಗುತ್ತದೆ. ಮೊದಲ ಗೇರ್, ಅರ್ಧ ಕ್ಲಚ್, ಹಿಂದಿನ ಬ್ರೇಕ್ ಮೇಲೆ ಹಗುರಾಗಿ ಕಾಲು. ನೇರ ಹತ್ತಿಸದೆ ಓರೆಯಾಗಿ ಹೋಗಬೇಕು. 45 ಡಿಗ್ರಿ ಓರೆಯಲ್ಲಿ ಒಂದು ಮೀಟರ್ ಅಗಲದ ಹಂಪ್ ಬೈಕಿನ ಪಾಲಿಗೆ 1.4 ಮೀಟರ್ ಆಗುತ್ತದೆ, ಮುಂದಿನ ಚಕ್ರ ಇಳಿಯುವಷ್ಟರಲ್ಲಿ ಹಿಂದಿನದು ಹತ್ತಲು ಶುರು ಮಾಡಿರುತ್ತದೆ, ಹೊಟ್ಟೆ ಉಳಿಯುತ್ತದೆ. ಆದರೆ ಓರೆಯಾಗಿ ಹೋಗಲು ರಸ್ತೆಯ ಅಗಲ ಬೇಕು. ಎದುರಿಗೆ ಕಬ್ಬಿನ ಲೋಡ್ ಬರುತ್ತಿದ್ದರೆ ಅದು ಹೋಗುವ ತನಕ ಕಾಯುವುದೇ ಸರಿ. ಮರಳು ಇರುವ ಕಡೆ ಓರೆ ಬೇಡವೇ ಬೇಡ.

ಎರಡು ಬೈಕಿನ ವ್ಯತ್ಯಾಸ ಕಣ್ಣಿಗೆ ಕಾಣುವುದು ಇಲ್ಲಿಯೇ. ನಿಂಜಾದ ಹಿಂದಿನ ಶಾಕ್‌ನ ಪ್ರೀಲೋಡ್ (ಸ್ಪ್ರಿಂಗ್‌ನ ಬಿಗಿ) ತಿರುವಲು ಕೈಗೆ ಸಿಗುವ ಗುಬಟು ಕೊಟ್ಟಿದ್ದಾರೆ. ಹೆಂಡತಿಯೋ ಸ್ನೇಹಿತನೋ ಹಿಂದೆ ಹತ್ತುವ ಮುಂಚೆ ಹತ್ತು ಸೆಕೆಂಡಿನಲ್ಲಿ ತಿರುವಿಕೊಳ್ಳಬಹುದು, ಅವರು ಇಳಿದ ಮೇಲೆ ವಾಪಸ್. ಹಯಬುಸಾದಲ್ಲಿ ಇದೇ ಕೆಲಸಕ್ಕೆ ಸ್ಪ್ಯಾನರ್ ಹಿಡಿಯಬೇಕು, ಕೈಗೆ ಸುಲಭವಾಗಿ ಎಟುಕುವ ಜಾಗವೂ ಅದಲ್ಲ. ದಾರಿ ಬದಿಯಲ್ಲಿ ನಿಂತು ಯಾರೂ ಮಾಡುವುದಿಲ್ಲ, ಹಾಗಾಗಿ ಇಬ್ಬರು ಕೂತಾಗಲೂ ಒಬ್ಬರ ಸೆಟ್ಟಿಂಗ್‌ನಲ್ಲೇ ಓಡುತ್ತದೆ, ಹೊಟ್ಟೆ ತಾಗುತ್ತದೆ. ಅಳೆಯುವುದಾದರೆ ವಿಧಾನ ಸರಳ: ಬೈಕನ್ನು ಮೇಲೆತ್ತಿ ಹಿಂದಿನ ಚಕ್ರ ನೆಲ ಬಿಟ್ಟಾಗ ಆಕ್ಸಲ್‌ನಿಂದ ಸೀಟಿನ ಬಾಲದ ಒಂದು ಗುರುತಿಗೆ ಟೇಪ್ ಹಿಡಿಯಿರಿ, ಆಮೇಲೆ ಹೆಲ್ಮೆಟ್, ಜಾಕೆಟ್ ಸಮೇತ ಕೂತು ಇನ್ನೊಬ್ಬರಿಂದ ಅದನ್ನೇ ಅಳೆಸಿ. ವ್ಯತ್ಯಾಸ 30ರಿಂದ 35 ಮಿ.ಮೀ. ಇರುವಂತೆ ಪ್ರೀಲೋಡ್ ಇಡಿ. ಎತ್ತರದ ಆಸೆಗೆ ಪೂರ್ತಿ ಬಿಗಿ ಮಾಡಿದರೆ ಹಿಂಭಾಗ ಕುಪ್ಪಳಿಸುತ್ತದೆ.

ಭಾರ: ನಿಂಜಾ 238 ಕೆ.ಜಿ., ಹಯಬುಸಾ 266. ಓಡುವಾಗ ಈ 28 ಕೆ.ಜಿ. ಗೊತ್ತಾಗುವುದಿಲ್ಲ. ಮೇಲುಕೋಟೆಯಂಥ ಇಳಿಜಾರಿನಲ್ಲಿ ಮೂತಿ ತಗ್ಗಿಗೆ ಮಾಡಿ ನಿಲ್ಲಿಸಿ, ಆಮೇಲೆ ಕಾಲಿನಿಂದ ಹಿಂದಕ್ಕೆ ತಳ್ಳುವಾಗ ಗೊತ್ತಾಗುತ್ತದೆ. ಹಯಬುಸಾದ ಸೀಟ್ 800 ಮಿ.ಮೀ. ಮಾತ್ರ, ಎರಡೂ ಪಾದ ಊರುತ್ತವೆ. ಐದೂವರೆ ಅಡಿಯವರಿಗೆ ಅದೊಂದು ನಿಜವಾದ ಅನುಕೂಲ. ಟೆಸ್ಟ್ ರೈಡಿನಲ್ಲಿ ಕಿರಿದಾದ ರಸ್ತೆಯಲ್ಲಿ ಒಂದು ಯು ಟರ್ನ್ ಮಾಡಿಯೇ ನೋಡಿ. ಹ್ಯಾಂಡಲ್ ಪೂರ್ತಿ ತಿರುವಿದಾಗ ಹೆಬ್ಬೆರಳಿಗೂ ಟ್ಯಾಂಕಿಗೂ ನಡುವೆ ಎಷ್ಟು ಜಾಗ ಉಳಿಯುತ್ತದೆ ಅನ್ನುವುದನ್ನು ಶೋರೂಂ ಒಳಗೆ ನಿಂತಲ್ಲೇ ನೋಡಬಹುದು.

ಮಣಿಕಟ್ಟಿನ ವಿಷಯ ಹಲವರಿಗೆ ಟೆಸ್ಟ್ ರೈಡಿನಲ್ಲಿ ಹೊಳೆಯುವುದಿಲ್ಲ. ಮುಂದಕ್ಕೆ ಬಾಗಿ ಕೂರುವ ಬೈಕಿನಲ್ಲಿ ವೇಗ ಹೆಚ್ಚಿದಾಗ ಎದೆಗೆ ಒತ್ತುವ ಗಾಳಿಯೇ ಮೈಭಾರದ ಒಂದು ಪಾಲು ಹೊರುತ್ತದೆ. 60ರಲ್ಲಿ ಆ ಗಾಳಿ ಇಲ್ಲ, ಭಾರವೆಲ್ಲ ಅಂಗೈ ಮೇಲೆ. ಈ ತಲೆಮಾರಿನಲ್ಲಿ ಹಯಬುಸಾದ ಹ್ಯಾಂಡಲನ್ನು 12 ಮಿ.ಮೀ. ಸವಾರನ ಕಡೆಗೆ ತಂದಿದ್ದಾರೆ, ಆದರೂ ಬಾಗು ಹೋಗಿಲ್ಲ. ನಿಂಜಾದ ಹ್ಯಾಂಡಲ್ ಎತ್ತರದಲ್ಲಿದೆ, ಬೆನ್ನು ಹೆಚ್ಚು ನೆಟ್ಟಗಿರುತ್ತದೆ. ಹತ್ತು ನಿಮಿಷದ ಸವಾರಿಯಲ್ಲಿ ಇದು ತಿಳಿಯದು. ಕನಿಷ್ಠ 40 ನಿಮಿಷ, ಅದರಲ್ಲೂ ಪೇಟೆ ದಾಟಿ ಹೋಗುವ ದಾರಿ ಕೇಳಿ ಪಡೆಯಿರಿ.

ಬ್ರೇಕು: ಎರಡೂ ಬೇಕಾದ್ದಕ್ಕಿಂತ ಹೆಚ್ಚೇ. ಬಾಗಿದಾಗಲೂ ಲೆಕ್ಕ ಹಾಕುವ ಎಬಿಎಸ್ ಎರಡರಲ್ಲೂ ಇದೆ.

ಬಿಸಿ: ಫ್ಯಾನ್ ತಿರುಗಲು ಶುರುವಾದರೆ ಎರಡು ಬೈಕುಗಳೂ ತೊಡೆ ಸುಡುತ್ತವೆ. 1340 ಸಿಸಿಯ ಹಯಬುಸಾ ಸ್ವಲ್ಪ ಹೆಚ್ಚು. ಏಪ್ರಿಲ್ ಮಧ್ಯಾಹ್ನ ಮದ್ದೂರು ಪೇಟೆಯಲ್ಲಿ ಪರೀಕ್ಷಿಸಿ.

ರಸ್ತೆಯ ಮೇಲೆ ಬಿದ್ದಿರುವುದರ ಬಗ್ಗೆ ಒಂದು ಮಾತು, ಏಕೆಂದರೆ 190 ಅಗಲದ ನುಣುಪು ಟೈರ್‌ಗೆ ಇದು ಜೀವದ ಪ್ರಶ್ನೆ. ನಾಟಿ ಕಾಲದಲ್ಲಿ ಟ್ರ್ಯಾಕ್ಟರಿನ ಕೇಜ್ ವೀಲ್ ಗದ್ದೆಯ ಕೆಸರನ್ನು ಡಾಂಬರಿಗೆ ತಂದು ಹಚ್ಚಿರುತ್ತದೆ. ಕಬ್ಬು ಸಾಗುವ ಕಾಲದಲ್ಲಿ ಸೋಗೆ. ಕೊಯ್ಲಿನ ಮೇಲೆ ಹುರುಳಿ, ರಾಗಿ ಒಕ್ಕಣೆ ರಸ್ತೆಯಲ್ಲೇ ನಡೆಯುತ್ತದೆ. ಮೇಲಿನ ಹುಲ್ಲು ಹಿಡಿತ ಕೊಡುವಂತೆ ಕಂಡರೂ ಅಡಿಯಲ್ಲಿರುವ ಕಾಳು ಬಾಲ್ ಬೇರಿಂಗ್ ಥರ ಉರುಳುತ್ತದೆ. ಅಲ್ಲಿ ಬ್ರೇಕೂ ಬೇಡ, ಬಾಗುವುದೂ ಬೇಡ, ಹ್ಯಾಂಡಲ್ ನೆಟ್ಟಗೆ ಹಿಡಿದು ಆಕ್ಸಿಲರೇಟರ್ ಅಲುಗಿಸದೆ ದಾಟಬೇಕು. ಟ್ರ್ಯಾಕ್ಷನ್ ಕಂಟ್ರೋಲ್ ಹಿಂದಿನ ಚಕ್ರ ಸುತ್ತುವುದನ್ನು ತಡೆದೀತು, ಮುಂದಿನ ಚಕ್ರ ಜಾರಿದರೆ ಅದರ ಕೈಯಲ್ಲಿ ಏನೂ ಇಲ್ಲ. ಮಳೆಗಾಲದ ಸವಾರಿಗೆ ಹೊರಡುವಾಗಲೇ ನಿಂಜಾದಲ್ಲಿ ರೇನ್ ಮೋಡ್, ಹಯಬುಸಾದಲ್ಲಿ ಮೆತ್ತಗಿನ ಸಿ ಮೋಡ್ ಹಾಕಿ. ಟೈರ್ ತಣ್ಣಗಿರುವಾಗ ಗಾಳಿ ನೋಡಿಸಿ: ನಿಂಜಾಕ್ಕೆ ಮುಂದೆ 36, ಹಿಂದೆ 42, ಹಯಬುಸಾಕ್ಕೆ ಎರಡಕ್ಕೂ 42. ಟೆಸ್ಟ್ ರೈಡ್ ಬೈಕಿನಲ್ಲಿ ಇದು ಸರಿಯಿಲ್ಲದಿದ್ದರೆ ತಿರುವಿನಲ್ಲಿ ಬೈಕು ಮೊಂಡು ಅನಿಸುತ್ತದೆ, ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಗುಂಡ್ಲುಪೇಟೆ ಕಡೆಯ ರಸ್ತೆ ಮಾತ್ರ ಈ ಬೈಕುಗಳಿಗೆ ಹೇಳಿ ಮಾಡಿಸಿದ್ದು. ನಂಜನಗೂಡು ದಾಟಿದ ಮೇಲೆ ಕ್ರೂಸ್ ಕಂಟ್ರೋಲ್ ಹಾಕಿ ಬೆನ್ನು ಸಡಿಲ ಬಿಡಬಹುದು, ಎರಡರಲ್ಲೂ ಅದಿದೆ. ನಿಂಜಾದ ಗಾಳಿ ಗಾಜನ್ನು ನಾಲ್ಕು ಹಂತದಲ್ಲಿ ಏರಿಸಿ ಇಳಿಸಬಹುದು, ಹಯಬುಸಾದ್ದು ಇದ್ದಂತೆಯೇ ಇರುತ್ತದೆ. ಬ್ಯಾಗ್ ಪೆಟ್ಟಿಗೆಗಳು ನಿಂಜಾಕ್ಕೆ ಬೇರೆ ಕಬ್ಬಿಣದ ಚೌಕಟ್ಟಿಲ್ಲದೆ ನೇರ ಕೂರುತ್ತವೆ. ಬಂಡೀಪುರದ ಕಾಡಿನೊಳಗೆ ಮತ್ತೆ ಹಂಪ್‌ಗಳೇ. ಜಿಂಕೆ ಅಡ್ಡ ಬರುವ ಜಾಗವಾದ್ದರಿಂದ ಅಲ್ಲಿ ಅವು ಇರಲೇಬೇಕು. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಕಾಡಿನ ರಸ್ತೆ ಬಂದ್, ಆ ಲೆಕ್ಕ ಇಟ್ಟುಕೊಂಡೇ ವಾಪಸ್ ಹೊರಡಿ.

ದುಡ್ಡು. 2024ರಲ್ಲಿ ಹಯಬುಸಾದ ಎಕ್ಸ್ ಶೋರೂಂ ಬೆಲೆ 16.90 ಲಕ್ಷ, ನಿಂಜಾ 12 ಲಕ್ಷದ ಆಸುಪಾಸು. ಕರ್ನಾಟಕದಲ್ಲಿ ಒಂದು ಲಕ್ಷ ಮೀರಿದ ಬೈಕಿಗೆ ಆಜೀವ ತೆರಿಗೆ ಶೇ. 18, ಅದರ ಮೇಲೆ ಸೆಸ್. ಹೀಗಾಗಿ ಶೋರೂಂ ಬೆಲೆಯಲ್ಲಿ ಕಂಡ ಅಂತರ ಆರ್‌ಟಿಒ ಬಾಗಿಲಲ್ಲಿ ಐದು ಲಕ್ಷ ದಾಟುತ್ತಿತ್ತು, ವಿಮೆ ಬೇರೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕುಗಳ ಜಿಎಸ್‌ಟಿ ಶೇ. 40 ಆಗಿದೆ, ಹೊಸದು ಕೊಳ್ಳುವವರು ಅದನ್ನೂ ಸೇರಿಸಿಕೊಳ್ಳಬೇಕು. ಟೈರಿನ ಅಳತೆ ಎರಡಕ್ಕೂ ಒಂದೇ, ಅಲ್ಲಿ ಯಾವ ಉಳಿತಾಯವೂ ಇಲ್ಲ.

ಈಗ ಶೋರೂಂನಲ್ಲಿರುವುದು 1000 ಅಲ್ಲ, 2024ರ ಡಿಸೆಂಬರಿನಲ್ಲಿ 13.49 ಲಕ್ಷಕ್ಕೆ ಬಂದ 1100 ಎಸ್‌ಎಕ್ಸ್. ಇದರಲ್ಲಿ ಪವರ್ 142ರಿಂದ 136 ಪಿಎಸ್‌ಗೆ ಇಳಿದಿದೆ, ಟಾರ್ಕ್ (ಎಳೆಯುವ ಬಲ) 111ರಿಂದ 113 ನ್ಯೂಟನ್ ಮೀಟರ್‌ಗೆ ಏರಿದೆ. ಕ್ವಿಕ್‌ಶಿಫ್ಟರ್ 1500 ಆರ್‌ಪಿಎಂನಿಂದಲೇ ಕೆಲಸ ಮಾಡುತ್ತದೆ, ಮೇಲಿನ ಎರಡು ಗೇರ್ ಉದ್ದವಾಗಿವೆ. ಪವರ್ ಇಳಿದದ್ದಕ್ಕೆ ಕೊರಗುವವರಿದ್ದಾರೆ, ಆದರೆ ನಮ್ಮ 60, 80ರ ರಸ್ತೆಗೆ ಈ ಬದಲಾವಣೆ ಒಳ್ಳೆಯದಕ್ಕೇ ಆಗಿದೆ. ಕಡಿಮೆ ದುಡ್ಡಿನವರು ಹಳೆಯ 1000ವನ್ನೇ ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಬಹುದು. ನೋಡಲು ಹೋದಾಗ ಮೊದಲು ಬಗ್ಗಿ ಹೊಟ್ಟೆ ಕೆಳಗೆ ಟಾರ್ಚ್ ಬಿಡಿ: ಸೈಲೆನ್ಸರ್ ಕೂಡುವ ಜಾಗದಲ್ಲಿ ಚಪ್ಪಟೆಯಾಗಿದೆಯೇ, ಆಯಿಲ್ ಫಿಲ್ಟರ್ ಮೇಲೆ ಗೀರಿದೆಯೇ, ಕೆಳಗಿನ ಫೇರಿಂಗ್ ಬೋಲ್ಟ್‌ಗಳು ಎಲ್ಲವೂ ಇವೆಯೇ.

ತಿಂಗಳಿಗೊಮ್ಮೆ ಹೊರಡುವ, ಒಬ್ಬರೇ ಕೂರುವ, ಹೈವೇ ಬಿಟ್ಟು ಒಳಗೆ ಇಳಿಯದವರಾದರೆ ಹಯಬುಸಾ ತೆಗೆದುಕೊಳ್ಳಿ. ಅಂಥ ಎಂಜಿನ್ ಇನ್ನೊಂದಿಲ್ಲ. ವಾರಕ್ಕೆರಡು ಸಲ ಊರಿಗೆ ಹೋಗಿಬರುವವರು ಶೋರೂಂಗೆ ಹೋಗುವ ಮುಂಚೆ ತಮ್ಮೂರ ಮುಂದಿನ ಹಂಪ್‌ನ ಅಗಲ, ಎತ್ತರ ಟೇಪಿನಲ್ಲಿ ಅಳೆದು ಬರೆದುಕೊಂಡು ಹೋಗಿ. ಅಗಲ ಒಂದೂವರೆ ಮೀಟರ್‌ಗಿಂತ ಕಡಿಮೆಯಿದ್ದು ಎತ್ತರ 9 ಸೆಂ.ಮೀ. ದಾಟಿದ್ದರೆ ನಿಂಜಾದ ಬುಕಿಂಗ್ ಚೀಟಿಯನ್ನೇ ಬರೆಸಿ.