ವಾಯ್ಸ್‌ಮೇಲ್: ಪೋರ್ಟ್ ಲೈಸೆನ್ಸಾ, ಮೇಲ್‌ಬಾಕ್ಸ್ ಲೈಸೆನ್ಸಾ?

ಆಫೀಸಿಗೆ ವಾಯ್ಸ್‌ಮೇಲ್ (ಫೋನ್ ಎತ್ತದಿದ್ರೆ ಮೆಸೇಜ್ ರೆಕಾರ್ಡ್ ಮಾಡೋ ಸಿಸ್ಟಮ್) ತಗೊಳ್ಳುವಾಗ ಲೈಸೆನ್ಸ್ ದುಡ್ಡು ಪೋರ್ಟ್ ಲೆಕ್ಕದಲ್ಲೋ ಮೇಲ್‌ಬಾಕ್ಸ್ ಲೆಕ್ಕದಲ್ಲೋ ಅನ್ನೋದೇ ಪ್ರಶ್ನೆ. ಪೋರ್ಟ್ ಅಂದ್ರೆ ಒಂದೇ ಹೊತ್ತಿಗೆ ಸಿಸ್ಟಮ್ ಎತ್ಕೊಳ್ಳೋ ಒಂದು ಕಾಲ್ ಅಷ್ಟೇ, 4 ಪೋರ್ಟ್ ಇದ್ರೆ ಐದನೆಯವ್ರು ಕಾಯ್ಬೇಕು ಇಲ್ಲ ಬ್ಯುಸಿ ಟೋನ್ ಕೇಳ್ಬೇಕು. ಮೇಲ್‌ಬಾಕ್ಸ್ ಲೈಸೆನ್ಸ್ ಆದ್ರೆ ತಲೆಗಿಷ್ಟು ಅಂತ ದುಡ್ಡು.

ಜನ ಜಾಸ್ತಿ, ಮೆಸೇಜ್ ಕಮ್ಮಿ ಇರೋ ಆಫೀಸಿಗೆ ಪೋರ್ಟ್ ಲೆಕ್ಕಾನೇ ಅಗ್ಗ ಬೀಳುತ್ತೆ. ಅತಿ ಹೆಚ್ಚು ಕಾಲ್ ಬರೋ ಗಂಟೇಲಿ ಒಂದೊಂದು ನಿಮಿಷದ 60 ಕಾಲ್ ಅಂದ್ರೆ 1 ಎರ್ಲಾಂಗ್ (ಒಂದು ಲೈನ್ ಇಡೀ ಗಂಟೆ ಬ್ಯುಸಿ ಇದ್ದಷ್ಟು ಲೋಡ್), ಎಷ್ಟು ಕಾಲ್ ಬ್ಲಾಕ್ ಆಗುತ್ತೆ ಅಂತ ಹೇಳೋ ಎರ್ಲಾಂಗ್-ಬಿ ಸೂತ್ರದ ಪ್ರಕಾರ 4 ಪೋರ್ಟಲ್ಲಿ ಸುಮಾರು 1.5% ಕಾಲ್ ಬ್ಲಾಕ್ ಆಗುತ್ತೆ, 5 ಹಾಕಿದ್ರೆ 0.3%ಗೆ ಇಳಿಯುತ್ತೆ, ನೋಡಿ ಒಂದೇ ಪೋರ್ಟಿಗೆ ಎಷ್ಟು ವ್ಯತ್ಯಾಸ! ಆದ್ರೆ ಮೆಸೇಜ್ ಬಿಡೋರು ಮಾತ್ರ ಅಲ್ಲ, ಕೇಳಿಸ್ಕೊಳ್ಳೋಕೆ ಫೋನ್ ಮಾಡೋ ಸ್ಟಾಫೂ ಪೋರ್ಟ್ ತಿಂತಾರೆ, ಆಟೋ ಅಟೆಂಡೆಂಟ್ ("ಸೇಲ್ಸಿಗೆ 1 ಒತ್ತಿ" ಅನ್ನೋ ರೆಕಾರ್ಡೆಡ್ ಧ್ವನಿ) ಅದೇ ಪೋರ್ಟ್ ಮೇಲೆ ಕೂತಿದ್ರಂತೂ ಕೇಳ್ಲೇಬೇಡಿ (ಸೇಲ್ಸ್‌ನವ್ರು ಇದನ್ನ ತಾವಾಗಿ ಹೇಳೋದು ಅಪರೂಪ).

ಮೆಸೇಜ್ ಇಮೇಲಿಗೆ ಹೋಗೋ ಹಾಗಿದ್ರೆ ಸ್ಟಾಫ್ ಕೇಳಿಸ್ಕೊಳ್ಳೋಕೆ ಮಾಡೋ ಕಾಲ್‌ಗಳ ಒತ್ತಡ ಇಳಿಯುತ್ತೆ.

ಸ್ಟೋರೇಜ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಜಿ.711 ಅನ್ನೋ ಸಾಮಾನ್ಯ ಫೋನ್ ಆಡಿಯೋ ಫಾರ್ಮ್ಯಾಟಲ್ಲಿ ಗಂಟೆ ರೆಕಾರ್ಡಿಂಗಿಗೆ 29 ಎಂಬಿ ಹತ್ರ ಅಷ್ಟೇ.

ಹತ್ತಿಪ್ಪತ್ತು ಜನರ ಆಫೀಸು, ಫೋನ್ ಸದಾ ಬಡ್ಕೊಳ್ತಿರುತ್ತೆ ಅಂದ್ರೆ ಮೇಲ್‌ಬಾಕ್ಸ್ ಲೈಸೆನ್ಸೇ ತಗೊಳ್ಳಿ, ಆದ್ರೆ ಅದ್ರಲ್ಲೂ ಒಳಗೆ ಪೋರ್ಟ್ ಮಿತಿ ಇದೆಯಾ ಅಂತ ಬರಹದಲ್ಲೇ ಕೇಳಿ.