‘ಲಖಿ’ ಎಂದು ಮಾರಿದ್ದು ವೈಸ್‌ನಲ್ಲಿ ಒತ್ತಿದ ಕಾಲಾಣೆ

1862ರ ವಿಕ್ಟೋರಿಯಾ ಕಾಲಾಣೆಯೊಂದು ‘ಅಪರೂಪದ ಲಖಿ’ (ಟಂಕಸಾಲೆಯಲ್ಲೇ ತಪ್ಪಾಗಿ ಒತ್ತಿದ ನಾಣ್ಯ) ಎಂಬ ಹೆಸರಿನಲ್ಲಿ ವಾಟ್ಸಾಪ್ ಗುಂಪಿನಲ್ಲಿ 6,500 ರೂಪಾಯಿಗೆ ಹೋಯಿತು. ಕೊಂಡವರು ನೋಡಿದ್ದು ಎರಡೇ ಫೋಟೊ. ನಾಣ್ಯ ಕೈಸೇರಿದ ಮೇಲೆ ಅಳೆದರೆ, ಅದು ಟಂಕಸಾಲೆಯ ತಪ್ಪಲ್ಲ, ವೈಸ್‌ನಲ್ಲಿ, ಅಂದರೆ ತಿರುಪಿನಿಂದ ಬಿಗಿಯುವ ಕಬ್ಬಿಣದ ಇಕ್ಕಳದಲ್ಲಿ, ಒತ್ತಿದ ಗ್ಯಾರೇಜಿನ ಕೆಲಸ. ದುಡ್ಡು ವಾಪಸ್ ಕೇಳಿದ್ದೇ ತಡ, ಮಾರಿದವ ನಂಬರ್ ಬ್ಲಾಕ್ ಮಾಡಿದ.

ನಿಜವಾದ ಲಖಿ ಹುಟ್ಟುವುದು ಹೀಗೆ: ಒತ್ತಿದ ನಾಣ್ಯ ಹೊರಬೀಳದೆ ಒಂದು ಅಚ್ಚಿಗೆ ಅಂಟಿಕೊಳ್ಳುತ್ತದೆ. ಮುಂದಿನ ಖಾಲಿ ಬಿಲ್ಲೆ ಬಂದಾಗ ಅದರ ಒಂದು ಮೈಗೆ ಅಚ್ಚು ಬೀಳುತ್ತದೆ, ಇನ್ನೊಂದು ಮೈಗೆ ಆ ಅಂಟಿದ ನಾಣ್ಯವೇ ಅಚ್ಚು. ಹಾಗಾಗಿ ಮುಂದೆ ಉಬ್ಬಿದ ರಾಣಿ, ಹಿಂದೆ ಅದೇ ರಾಣಿ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ. ರಾಣಿಯ ಹಿಂದೆ ಬರಹದ ಬದಿ (ಬೆಲೆ, ಇಸವಿ ಇರುವ ಮೈ) ತಗ್ಗಾಗಿ ಮೂಡಿದ್ದರೆ ನೋಡುವುದೇ ಬೇಡ, ಖೋಟಾ. ಇಲ್ಲಿ ಅದು ಸರಿಯಾಗಿಯೇ ಇತ್ತು. ಮಾಡಿದವನು ಕಸುಬು ಬಲ್ಲವನೇ.

ತೂಕವೂ ಸರಿ, ಸುಮಾರು 6.4 ಗ್ರಾಂ. ತೂಕ ನೋಡಿ ಸಮಾಧಾನಪಟ್ಟುಕೊಳ್ಳುವವರು ಮೋಸಹೋಗುವುದೇ ಇಲ್ಲಿ. ಸವೆದ ನಾಣ್ಯದ ಮೇಲೆ ಚೆನ್ನಾಗಿರುವ ಇನ್ನೊಂದನ್ನು ಮಗುಚಿಟ್ಟು ವೈಸ್ ಬಿಗಿದರೆ ತಾಮ್ರ ಎಲ್ಲೂ ಹೋಗುವುದಿಲ್ಲ, ಪಕ್ಕಕ್ಕೆ ಹರಿಯುತ್ತದೆ ಅಷ್ಟೆ. ಟಂಕಸಾಲೆಯಲ್ಲಿ ಅದನ್ನು ಸುತ್ತಲಿನ ಉಕ್ಕಿನ ಬಳೆ ತಡೆಯುತ್ತದೆ, ವೈಸ್‌ನಲ್ಲಿ ತಡೆಯುವವರಿಲ್ಲ. 25.4 ಮಿ.ಮೀ. ಇರಬೇಕಾದ ವ್ಯಾಸ ವರ್ನಿಯರ್ ಎಂಬ ಅಳತೆಯ ಉಪಕರಣದಲ್ಲಿ 26.1 ತೋರಿಸಿತು, ಅಂಚು ಹೊಟ್ಟೆ ಉಬ್ಬಿಸಿಕೊಂಡಿತ್ತು. ಹತ್ತುಪಟ್ಟು ಭೂತಗನ್ನಡಿ ಹಿಡಿದರೆ, ತಗ್ಗಾದ ರಾಣಿಯ ಕುತ್ತಿಗೆಯ ಪಕ್ಕ ‘ಕ್ವಾರ್ಟರ್’ ಪದದ ಮೂರು ಅಕ್ಷರಗಳ ನೆರಳು. ನಿಜವಾದ ಲಖಿಯಲ್ಲಿ ಆ ಮೈಗೆ ಬರಹದ ಅಚ್ಚು ತಾಗಿಯೇ ಇರುವುದಿಲ್ಲ, ಅಕ್ಷರ ಬರುವುದೆಲ್ಲಿಂದ? ಮುಂಬದಿಯ ರಾಣಿಯ ಕೆನ್ನೆಯೂ ಚಪ್ಪಟೆ, ವೈಸ್‌ನ ಹಲ್ಲಿಗೆ ಒತ್ತಿ ಹೊಳೆಯುತ್ತಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿದ್ದರಿಂದ ತಾಮ್ರದ ಹಳೆಯ ಕಂದು ಬಣ್ಣವೂ ಹೋಗಿತ್ತು. ಅಸಲಿ ನಾಣ್ಯಕ್ಕೆ ಹೀಗೆ ಮಾಡಿದರೂ ಬೆಲೆ ಬೀಳುತ್ತದೆ.

ಸವೆದ ಮಾಮೂಲಿ ಕಾಲಾಣೆ ಅಗ್ಗದ ಮಾಲು. ಟಂಕಸಾಲೆಯ ತಪ್ಪಿದ್ದ ಮಾತ್ರಕ್ಕೆ ಬೆಲೆ ಏರುವುದಿಲ್ಲ. ಚಿತ್ರ ಕೂದಲೆಳೆಯಷ್ಟು ಸರಿದಿದ್ದರೆ, ಅಚ್ಚಿನ ಬಿರುಕಿನ ಸಣ್ಣ ಗೆರೆ ಮೂಡಿದ್ದರೆ ಹೆಚ್ಚೇನೂ ಸಿಗದು. ಅರ್ಧದಷ್ಟು ಸರಿದೂ ಇಸವಿ ಪೂರ್ತಿ ಓದಲು ಬಂದರೆ ಮಾತು ಬೇರೆ. ಅಂಚು ತುಂಡಾದ ನಾಣ್ಯವಾದರೆ ತುಂಡಿನ ನೇರ ಎದುರಿನ ಅಂಚನ್ನೂ ನೋಡಿ: ಬಿಲ್ಲೆ ಕತ್ತರಿಸುವಾಗಲೇ ಆದ ತಪ್ಪಾದರೆ ಅಲ್ಲಿ ಅಂಚು ಸಾಮಾನ್ಯವಾಗಿ ಮಂಕಾಗಿರುತ್ತದೆ, ಅರ ಹಾಕಿದ್ದಾದರೆ ಅಚ್ಚುಕಟ್ಟಾಗಿರುತ್ತದೆ.

ದುಡ್ಡು ಹಾಕುವ ಮುನ್ನ ನಾಣ್ಯವನ್ನು ಬೆರಳಲ್ಲಿ ಹಿಡಿದು ಸುತ್ತಲೂ ಅಂಚು ತಿರುಗಿಸಿ ತೋರಿಸುವ ವೀಡಿಯೊ, ವರ್ನಿಯರ್ ಮೇಲಿಟ್ಟ ಫೋಟೊ, ‘ನಕಲಿಯಾದರೆ ವಾಪಸ್’ ಎಂಬ ಒಂದು ಸಾಲಿನ ಸಂದೇಶ ಕೇಳಿ ಪಡೆಯಿರಿ. ಯುಪಿಐನಲ್ಲಿ ಹಣ ಹೋಗಿ ಮೋಸ ಗೊತ್ತಾದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಅದೇ ದಿನ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಈ ಖರೀದಿದಾರರು ಮೂರು ವಾರ ಮಾರಿದವನ ಉತ್ತರಕ್ಕೆ ಕಾದಿದ್ದರು.