ಯುಎಸ್‌ಎಸ್ ಇಂಗ್ಲೆಂಡ್ 1/350 ಮಾಡೆಲ್ ಕಿಟ್: ಹಲ್ ಸೊಗಸಾಗಿದೆ, ಹೆಜ್‌ಹಾಗ್ ಮಾತ್ರ ನೀವೇ ಮಾಡಿಕೊಳ್ಳಿ

ಎರಡನೇ ಮಹಾಯುದ್ಧದ ಹಡಗಿನ ಮಾಡೆಲ್ ಅಂದ ತಕ್ಷಣ ಜಾಸ್ತಿ ಜನ ದೊಡ್ಡ ಬ್ಯಾಟಲ್‌ಶಿಪ್ ಕಡೆಗೇ ಹೋಗುತ್ತಾರೆ. ನನಗೆ ತುಂಬಾ ಸಮಯದಿಂದ ಬೇಕಿದ್ದದ್ದು ಮಾತ್ರ ಡಿಇ-635 ನಂಬರಿನ ಅಮೆರಿಕದ ಹಡಗು, ಅಂದರೆ ಯುಎಸ್‌ಎಸ್ ಇಂಗ್ಲೆಂಡ್. ಇದು ಬಕ್ಲಿ ಕ್ಲಾಸಿನ ಡೆಸ್ಟ್ರಾಯರ್ ಎಸ್ಕಾರ್ಟ್. ಸರಕು ಹಡಗುಗಳಿಗೆ ಬೆಂಗಾವಲಾಗಿ ಹೋಗಿ ಸಬ್‌ಮರೀನ್ ಬೇಟೆಯಾಡಲಿ ಅಂತ ಅಮೆರಿಕ ಬೇಗ ಬೇಗ, ಕಡಿಮೆ ಖರ್ಚಿನಲ್ಲಿ ಕಟ್ಟಿದ ಚಿಕ್ಕ ಹಡಗು. ಕಿಟ್ ಕಟ್ಟಿ ಮುಗಿಸಿ ಈಗಷ್ಟೇ ವಾರ್ನಿಶ್ ಹೊಡೆದಿದ್ದೇನೆ. ಕೊಳ್ಳಬಹುದಾ ಅಂದರೆ, ಖಂಡಿತ ಕೊಳ್ಳಿ.

ಮೊದಲು ಚೆನ್ನಾಗಿರೋದು ಹೇಳ್ತೀನಿ. ಮೂಲ ಹಡಗಿನ ಉದ್ದ 306 ಅಡಿ, ಆದ್ದರಿಂದ 350ರಲ್ಲಿ ಒಂದು ಪಾಲಿನ ಈ ಅಳತೆಯಲ್ಲಿ 27 ಸೆಂಟಿಮೀಟರ್‌ಗೆ ಚೂರು ಕಮ್ಮಿ ಬರುತ್ತದೆ, ಪುಸ್ತಕದ ಕಪಾಟಿನಲ್ಲೇ ಆರಾಮಾಗಿ ಇಡಬಹುದು. ಹಲ್, ಅಂದರೆ ಹಡಗಿನ ಒಡಲು, ಎಲ್ಲೂ ಸೊಟ್ಟ ಆಗಿಲ್ಲ. ಡೆಕ್ ಸರಿಯಾಗಿ ಕೂರುತ್ತದೆ, ಪುಟ್ಟಿ ಹಚ್ಚುವ ಕೆಲಸ ತೀರಾ ಕಮ್ಮಿ. ಮೂರು 3 ಇಂಚಿನ ತೋಪುಗಳು, ನಡುವೆ ಮೂರು ಕೊಳವೆಯ ಟಾರ್ಪಿಡೊ ಟ್ಯೂಬ್, ಹಿಂದೆ ಡೆಪ್ತ್ ಚಾರ್ಜ್ (ನೀರಿನಾಳದಲ್ಲಿ ಸಿಡಿಯುವ ಬಾಂಬು) ಜಾರಿಸುವ ಹಳಿಗಳು, ಎಲ್ಲಾ ಚೊಕ್ಕವಾಗಿ ಬಂದಿವೆ.

ಬೇಜಾರಾಗಿದ್ದು ಹೆಜ್‌ಹಾಗ್ ನೋಡಿ, ಸಬ್‌ಮರೀನ್ ಮೇಲೆ ಬಾಂಬು ಎಸೆಯುವ ಯಂತ್ರ. ಮುಂದಿನ ತೋಪಿನ ಹಿಂದೆ ಕೂರುವ ಈ ಆಯುಧವನ್ನು ಒಂದೇ ಪ್ಲಾಸ್ಟಿಕ್ ಗಟ್ಟಿಯಾಗಿ ಅಚ್ಚು ಹಾಕಿದ್ದಾರೆ, ಮೇಲೆ ಸುಮ್ನೆ ಒಂದಷ್ಟು ಉಬ್ಬು. ಬೇರೆ ಹಡಗಾಗಿದ್ದರೆ ಬಿಟ್ಟುಬಿಡ್ತಿದ್ದೆ. ಆದರೆ ಇಂಗ್ಲೆಂಡ್ ಹೆಸರು ಉಳಿದಿರೋದೇ ಈ ಹೆಜ್‌ಹಾಗ್‌ನಿಂದ ಅಲ್ವಾ!

ಡೆಪ್ತ್ ಚಾರ್ಜನ್ನು ಹಡಗಿನ ಹಿಂದೆ ಉದುರಿಸಬೇಕು. ಹಾಗಾಗಿ ಹಡಗು ಸಬ್‌ಮರೀನ್ ಮೇಲೆ ಹೋಗುವ ಹೊತ್ತಿಗೆ ಸೋನಾರ್‌ಗೆ (ನೀರೊಳಗೆ ಸದ್ದಿನಿಂದ ಸಬ್‌ಮರೀನ್ ಹುಡುಕುವ ಯಂತ್ರ) ಅದು ಸಿಗೋದಿಲ್ಲ, ಸಿಡಿದ ಮೇಲಂತೂ ನೀರೆಲ್ಲ ಕಲಕಿ ಇನ್ನೇನೂ ಕೇಳೋದಿಲ್ಲ. ಹೆಜ್‌ಹಾಗ್ 24 ಬಾಂಬುಗಳನ್ನು ಒಟ್ಟಿಗೆ ಹಡಗಿನ ಮುಂದಕ್ಕೆ ಎಸೆಯುತ್ತದೆ, ಅವು ದುಂಡಗೆ ಹರಡಿ ಬೀಳುತ್ತವೆ, ಸಬ್‌ಮರೀನ್‌ಗೆ ತಗುಲಿದರೆ ಮಾತ್ರ ಸಿಡಿಯುತ್ತವೆ. ತಗುಲಲಿಲ್ಲವೋ, ನೀರು ಕಲಕೋದಿಲ್ಲ, ಸೋನಾರ್‌ಗೆ ಸಬ್‌ಮರೀನ್ ಕೇಳುತ್ತಲೇ ಇರುತ್ತದೆ, ಮತ್ತೆ ಗುರಿ ಇಡಬಹುದು. 1944ರ ಮೇ 19ರಿಂದ 31ರೊಳಗೆ ಪೆಸಿಫಿಕ್‌ನಲ್ಲಿ, ಸೊಲೊಮನ್ ದ್ವೀಪಗಳ ಕಡೆ, ಈ ಒಂದೇ ಹಡಗು ಆರು ಜಪಾನಿ ಸಬ್‌ಮರೀನ್‌ಗಳನ್ನು ಮುಳುಗಿಸಿತು. ಜಾರ್ಜ್ ಮತ್ತು ರೇಬಿ ಅಂತ ಇನ್ನೆರಡು ಹಡಗುಗಳು ಜೊತೆಗಿದ್ದವು, ಆದರೆ ಹೊಡೆತ ತಗುಲಿದ್ದು ಇಂಗ್ಲೆಂಡಿನದೇ.

ಹಾಗಾಗಿ ಆ ಗಟ್ಟಿಯನ್ನು ಕಿತ್ತುಹಾಕಿದೆ. ಉಳಿದ ಸ್ಪ್ರೂ (ಕಿಟ್‌ನ ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ತುಂಡನ್ನು ಮೇಣದಬತ್ತಿ ಮೇಲೆ ಬಿಸಿ ಮಾಡಿ ಎಳೆದರೆ ಸಣ್ಣ ಎಳೆ ಬರುತ್ತದೆ. ಬಾಂಬಿನ ದಪ್ಪ 7.2 ಇಂಚು, ಅಂದರೆ ಇಲ್ಲಿ ಅರ್ಧ ಮಿಲಿಮೀಟರ್. 24 ಚೂರು ಕತ್ತರಿಸಿ, ಚಿಮುಟದಲ್ಲಿ ಹಿಡಿದು, ತುದಿಗೆ ಒಂದು ಚುಕ್ಕೆ ಗೋಂದು ಮುಟ್ಟಿಸಿ, ಸಾಲಿಗೆ ಆರರಂತೆ ನಾಲ್ಕು ಸಾಲು ನಿಲ್ಲಿಸಿದೆ. ಕಣ್ಣಿಗೆ ಶ್ರಮ ಹೌದು. ಹೆಜ್‌ಹಾಗ್ ಅನ್ನೋ ಹೆಸರಿಗೆ ತಕ್ಕಂತೆ, ಮುಳ್ಳುಹಂದಿ ಮುಳ್ಳು ಎಬ್ಬಿಸಿ ನಿಂತ ಹಾಗೆ ಈಗ ನಿಜವಾಗಿ ಕಾಣುತ್ತದೆ.

ಇನ್ನೊಂದು ಕೊರತೆ ನನಗೆ ಇದಕ್ಕಿಂತ ದೊಡ್ಡದು. ಸೂಚನೆ ಹಾಳೆಯಲ್ಲಿ ಹಡಗಿನ ಉದ್ದ, ವೇಗ, ತೋಪು ಎಲ್ಲಾ ಇದೆ, ಇಂಗ್ಲೆಂಡ್ ಅಂದರೆ ಯಾರು ಅಂತ ಒಂದು ಸಾಲೂ ಇಲ್ಲ. ಗೊತ್ತಿಲ್ಲದವರು ದೇಶದ ಹೆಸರು ಅಂದುಕೊಳ್ಳುತ್ತಾರೆ. ಅದು ಎನ್‌ಸೈನ್ ಜಾನ್ ಚಾರ್ಲ್ಸ್ ಇಂಗ್ಲೆಂಡ್, ನೌಕಾಪಡೆಯ ಎಳೆಯ ಅಧಿಕಾರಿ. 1941ರ ಡಿಸೆಂಬರ್ 7ರಂದು ಹವಾಯಿಯ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಜಪಾನ್ ದಾಳಿ ಮಾಡಿ, ಅವರಿದ್ದ ಬ್ಯಾಟಲ್‌ಶಿಪ್ ಯುಎಸ್‌ಎಸ್ ಒಕ್ಲಹೋಮ ಮಗುಚುತ್ತಿದ್ದಾಗ ಅವರು ಮೇಲೆ ಬಂದು ಬಚಾವಾಗಿದ್ದರು. ರೇಡಿಯೋ ಕೋಣೆಯಲ್ಲಿ ಜನ ಸಿಕ್ಕಿಕೊಂಡಿದ್ದಾರೆ ಅಂತ ಮತ್ತೆ ಕೆಳಗಿಳಿದರು. ಮೂರು ಸಲ ಹೋಗಿ ಪ್ರತಿಸಲವೂ ಒಬ್ಬರನ್ನು ಕರೆತಂದರು. ನಾಲ್ಕನೇ ಸಲ ಹೋದವರು ಬರಲಿಲ್ಲ. ಇನ್ನು ನಾಲ್ಕು ದಿನ ಕಳೆದಿದ್ದರೆ 21 ತುಂಬುತ್ತಿತ್ತು. ಆ ಹಡಗಿನಲ್ಲಿ ಸತ್ತವರು 429 ಜನ, ಬಹಳಷ್ಟು ದೇಹಗಳ ಗುರುತೇ ಹತ್ತಿರಲಿಲ್ಲ. ಇವರ ಅಂತ್ಯಕ್ರಿಯೆ ಮನೆಯವರ ಕೈಯಿಂದ ನಡೆದದ್ದು 2016ರಲ್ಲಿ!

ಅವರ ಹೆಸರಿನ ಹಡಗು ಮೊದಲು ಮುಳುಗಿಸಿದ ಸಬ್‌ಮರೀನ್ ಐ-16. ಪರ್ಲ್ ಹಾರ್ಬರ್ ದಾಳಿಗೆ ಪುಟ್ಟ ಸಬ್‌ಮರೀನ್ ಹೊತ್ತು ತಂದಿದ್ದ ಐದರಲ್ಲಿ ಅದೂ ಒಂದು. ಇಂಥ ಸಂಗತಿಯನ್ನು ಹಾಳೆಯಲ್ಲಿ ನಾಲ್ಕು ಸಾಲು ಹಾಕೋಕೆ ಏನು ಕಷ್ಟ? ನಾನು ಸ್ಟ್ಯಾಂಡಿಗೆ ಅಂಟಿಸುವ ಪಟ್ಟಿಯಲ್ಲಿ ಹಡಗಿನ ನಂಬರ್ ಕೆಳಗೆ ಅವರ ಪೂರ್ತಿ ಹೆಸರು ಬರೆದಿದ್ದೇನೆ. ನೀವೂ ಬರೆಯಿರಿ.

ಕೊಳ್ಳುವವರಿಗೆ ಇನ್ನೆರಡು ಮಾತು. ರೇಲಿಂಗ್ ಡಬ್ಬಿಯಲ್ಲಿ ಬರೋದಿಲ್ಲ, ಫೋಟೋ-ಎಚ್ ಸೆಟ್ (ತೆಳು ಲೋಹದ ಹಾಳೆಯಲ್ಲಿ ಕೊರೆದ ಭಾಗಗಳು) ಬೇರೆ ತಗೋಬೇಕು. ಡೆಕಾಲ್ (ನೀರಿನಲ್ಲಿ ನೆನೆಸಿ ಹಚ್ಚುವ ಸ್ಟಿಕರ್) ತೀರಾ ತೆಳು, ನೀರಿನಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಮಡಚಿಕೊಂಡು ಹರಿಯುತ್ತದೆ, ಅದಕ್ಕೆ 635 ನಂಬರನ್ನು ಒಂದೊಂದೇ ತೆಗೆದು ಹಚ್ಚಿ. ಮೊದಲ ಸಲ ಹಡಗು ಕಟ್ಟುವವರಿಗೂ ಇದು ಕೈಗೆ ಹತ್ತುತ್ತದೆ, ಹೆಜ್‌ಹಾಗ್ ಕೆಲಸ ಮಾತ್ರ ಎಲ್ಲಾ ಮುಗಿದ ಮೇಲೆ ಇಟ್ಟುಕೊಳ್ಳಿ.